ಟೊಂಕ ನೋವಿಗೆ ಯಾರ ಕೈ ವಾಸಿ? ವಸ್ತಾದ, ಪಂಚಕರ್ಮ, ಫಿಸಿಯೋ

ಹುಬ್ಬಳ್ಳಿಯಲ್ಲಿ ಟೊಂಕ ಹಿಡಿದಿದೆ ಅಂತ ಒಬ್ಬರ ಮುಂದೆ ಹೇಳಿ ನೋಡಿ, ಸಂಜೆಯೊಳಗೆ ಹತ್ತು ವಿಳಾಸ ಸಿಗುತ್ತವೆ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಿ ಅನ್ನುವವರೂ ಇದ್ದಾರೆ. ಅದೊಂದನ್ನು ಬಿಟ್ಟು ಮೂರು ಕಡೆ ಮೈ ಒಡ್ಡಿದ್ದೇನೆ. ಗರಡಿ ಮನೆಯ ವಸ್ತಾದ, ಆಯುರ್ವೇದ ಆಸ್ಪತ್ರೆಯ ಪಂಚಕರ್ಮ, ಫಿಸಿಯೋಥೆರಪಿ. ನನ್ನದು ದಿನವಿಡೀ ಕುರ್ಚಿ, ಉಳಿದ ಹೊತ್ತು ಸ್ಕೂಟರ್ ಅನ್ನುವವರ ನೋವು. ಬಗ್ಗಿದರೆ ಚಳಕು, ಬೆಳಗ್ಗೆ ಬಿಗಿತ. ಕಾಲಿಗೆ ಇಳಿದಿಲ್ಲ. ನಿಮ್ಮದು ಬೇರೆ ಥರ ಇದ್ದರೆ ಈ ಹೋಲಿಕೆ ಅಷ್ಟಾಗಿ ಹೊಂದಲಿಕ್ಕಿಲ್ಲ.

ವಸ್ತಾದರ ಹೆಬ್ಬೆರಳು ನಿಜಕ್ಕೂ ದೊಡ್ಡದು. ಬಿಸಿ ಕುಸುಬಿ ಎಣ್ಣೆ ಹಚ್ಚಿ, ಬೆನ್ನೆಲುಬಿನ ಎರಡೂ ಬದಿ ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಹೋಗಿ, ಗಂಟು ಸಿಕ್ಕಲ್ಲಿ ನಿಂತರು. ನಾನು ಬಾಯಿ ಬಿಡುವ ಮೊದಲೇ ಜಾಗ ಗೊತ್ತಾಗಿತ್ತು. ಆಮೇಲೆ ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ಒಂದು ಕೈ ಹೆಗಲಿಗೆ, ಇನ್ನೊಂದು ಟೊಂಕಕ್ಕೆ ಇಟ್ಟು ತಿರುವಿದರು. ಟಕ್! “ಎಲುಬು ಜಾಗಕ್ಕ ಕೂತ್ತು ನೋಡ್ರಿ” ಅಂದರು. ಎಲುಬು ಎಲ್ಲೂ ಹೋಗಿರಲಿಲ್ಲ ಬಿಡಿ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದು ಗಾಳಿಗುಳ್ಳೆ ಏಳುವಾಗ ಬರುವ ಸದ್ದು ಅದು, ಬೆರಳು ನೆಟಿಕೆ ಮುರಿದ ಹಾಗೆ. ಆದರೂ ಎದ್ದಾಗ ಮೈ ಹಗುರ. ಮರುದಿನ ಸಂಜೆಯ ತನಕ ಆರಾಮ, ಆಮೇಲೆ ಮತ್ತೆ ಅದೇ ಕಥೆ. ನನಗೆ ಹಿಡಿಸದ್ದು ಒಂದೇ: ಅವರು ಏನನ್ನೂ ಕೇಳಲಿಲ್ಲ. ನನ್ನ ಹಿಂದೆ ಪಾಳಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಎಲುಬು ಸವೆದಿದ್ದರೆ ಅಂಥ ತಿರುವಿಗೆ ಮುರಿಯಬಹುದು, ಅಲ್ವಾ?

ಪಂಚಕರ್ಮದಲ್ಲಿ ಸುಖ ಜಾಸ್ತಿ. ಮೊದಲು ಅಭ್ಯಂಗ, ಆಮೇಲೆ ಕಟಿ ಬಸ್ತಿ. ಟೊಂಕದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಒಳಗೆ ಬಿಸಿ ಎಣ್ಣೆ ನಿಲ್ಲಿಸುತ್ತಾರೆ. ತಣ್ಣಗಾದರೆ ಹತ್ತಿಯಲ್ಲಿ ಹೀರಿ ತೆಗೆದು, ಮತ್ತೆ ಬಿಸಿಯದನ್ನು ಹೊಯ್ಯುತ್ತಾರೆ. ನಾನಂತೂ ಅಲ್ಲೇ ಗೊರಕೆ ಹೊಡೆದೆ. ಆ ಕಾವಿಗೆ ಸ್ನಾಯು ಸಡಿಲಾಗುತ್ತದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ತೊಂದರೆ ಅಂದರೆ ದಿನ ಬಿಡದೆ ಹೋಗಬೇಕು. ರಜೆ ಹಾಕಬೇಕು, ಅಂಗಿಯೆಲ್ಲ ಎಣ್ಣೆ. ಬಿಗಿತ ಹೋಯಿತು, ಬಗ್ಗಿದಾಗಿನ ಚಳಕು ಹೋಗಲಿಲ್ಲ.

ಫಿಸಿಯೋ ಬಗ್ಗೆ ಮೊದಲ ಅನುಭವ ಕೆಟ್ಟದ್ದು. ಒಂದು ಕ್ಲಿನಿಕ್‌ನಲ್ಲಿ ಟೊಂಕಕ್ಕೆ ಕರೆಂಟಿನ ಪ್ಯಾಡ್ ಅಂಟಿಸಿ ಹೊರಗೆ ಹೋದವರು ಟೈಮರ್ ಕೂಗಿದಾಗಲೇ ಬಂದರು. ಯಾರೂ ಮೈ ಮುಟ್ಟಲೇ ಇಲ್ಲ. ಹಾಗಾಗಿ ಹೋಗುವ ಮುಂಚೆ ಫೋನಿನಲ್ಲೇ ಕೇಳಿ: ಕೈಯಿಂದ ಮಾಡ್ತೀರಾ, ಬರೀ ಮಷೀನಾ?

ಧಾರವಾಡದಲ್ಲಿ ಸಿಕ್ಕ ಇನ್ನೊಬ್ಬರು ಬೇರೆಯೇ. ಮುಟ್ಟುವ ಮೊದಲು ಪ್ರಶ್ನೆಗಳ ಸಾಲು. ಕಾಲು ಜೋಮು ಹಿಡಿಯುತ್ತಾ? ಮೂತ್ರ ಹಿಡಿದಿಡಲು ಆಗುತ್ತಾ? ರಾತ್ರಿ ಮಲಗಿದಾಗಲೂ ನೋವಾ? ತೂಕ ಇಳಿದಿದೆಯಾ? ಮಲಗಿಸಿ ಒಂದೊಂದೇ ಕಾಲನ್ನು ನೆಟ್ಟಗೆ ಎತ್ತಿ ನೋಡಿದರು. ನಿಲ್ಲಿಸಿ ಬಗ್ಗಲು ಹೇಳಿ, ಬೆರಳು ಎಲ್ಲಿವರೆಗೆ ಬಂತು ಅಂತ ಬರೆದುಕೊಂಡರು: ಮೊಣಕಾಲು. ಆಮೇಲೆ ಅಂಗೈಯ ಬುಡದಿಂದ ಬೆನ್ನಿನ ಒಂದೊಂದೇ ಮಣಿ ಒತ್ತುತ್ತಾ, “ಇಲ್ಲೇನ್ರಿ? ಇಲ್ಲಿ?” ಒಂದು ಕಡೆ ಥೇಟ್ ನನ್ನ ಚಳಕೇ ಬಂತು. ಅಲ್ಲೇ ಮೆಲ್ಲಗೆ, ಲಯ ಹಿಡಿದು ಒತ್ತಿ ಬಿಡುವುದು. ಇದಕ್ಕೆ ಆಸ್ಟ್ರೇಲಿಯಾದ ಮೇಟ್ಲೆಂಡ್ ಎಂಬ ಫಿಸಿಯೋ 1ರಿಂದ 4ರ ತನಕ ದರ್ಜೆ ಮಾಡಿಟ್ಟಿದ್ದಾರೆ. ನೋವು ಜಾಸ್ತಿ ಇದ್ದರೆ ಕೆಳಗಿನ ದರ್ಜೆ, ಬಿಗಿತಕ್ಕೆ ಮೇಲಿನದು. ಕೈಕೆಲಸ ಹತ್ತು ನಿಮಿಷವೂ ಇರಲಿಲ್ಲ. ಇಷ್ಟಕ್ಕೆ ಇಷ್ಟು ದುಡ್ಡಾ ಅನ್ನಿಸಿದ್ದು ನಿಜ. ಆದರೆ ಮತ್ತೆ ಬಗ್ಗಿದಾಗ ಬೆರಳು ಮೊಣಕಾಲು ದಾಟಿತ್ತು. ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮ ಕಲಿಸಿ, “ಇದನ್ನ ಮಾಡಲಿಲ್ಲಾಂದ್ರ ನನ್ನ ಕಡೆ ಬರಬ್ಯಾಡ್ರಿ” ಅಂದರು. ಯಾವ ಚಿಕಿತ್ಸೆ ಸರಿ ಅಂತ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಟೊಂಕ ನೋವಿಗೆ ಕೈಚಿಕಿತ್ಸೆ ವ್ಯಾಯಾಮದ ಜೊತೆಗೇ ಇರಬೇಕು, ಒಂದೇ ಸಾಲದು.

ಹೊಸದಾಗಿ ಬಂದ ಟೊಂಕ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಯಾರ ಹತ್ತಿರ ಕೊನೆಗೆ ಹೋಗಿರ್ತೀವೋ ಅವರಿಗೇ ಹೆಸರು. ನನ್ನ ಫಿಸಿಯೋಗೂ ಆ ಲಾಭ ಸ್ವಲ್ಪ ಸಿಕ್ಕಿರಬಹುದು. ಆದರೂ ನನ್ನ ವೋಟು ಅವರಿಗೇ, ಮುಟ್ಟುವ ಮೊದಲು ಕೇಳಿದ್ದಕ್ಕೆ. ಸುಸ್ತಿಗೆ, ಮೈ ಕೈ ನೋವಿಗೆ ಅಭ್ಯಂಗ. ವಸ್ತಾದರ ಹತ್ತಿರ ಮೀನಖಂಡ ತಿಕ್ಕಿಸಿಕೊಳ್ಳಲು ಈಗಲೂ ಹೋಗುತ್ತೇನೆ, ಆದರೆ ತಿರುವು ಬೇಡ ಅಂತ ಮೊದಲೇ ಹೇಳಿರುತ್ತೇನೆ. ಕಾಲು ಜೋಮು ಹಿಡಿದು ಬಲ ಇಳಿಯುತ್ತಿದ್ದರೆ, ಮೂತ್ರ ನಿಂತರೆ ಅಥವಾ ಹಿಡಿತ ತಪ್ಪಿದರೆ ಈ ಮೂರೂ ಬೇಡ, ನೇರ ದೊಡ್ಡ ಆಸ್ಪತ್ರೆ, ಅದೇ ದಿನ.

ಇನ್ನು ಕುತ್ತಿಗೆ. ಜೋರಾಗಿ ತಿರುವಿದರೆ ಮಿದುಳಿಗೆ ಹೋಗುವ ರಕ್ತನಾಳ ಹರಿದು ಲಕ್ವ ಹೊಡೆದದ್ದುಂಟು, ಅಪರೂಪಕ್ಕಾದರೂ. ಕಟಿಂಗ್ ಅಂಗಡಿಯಲ್ಲಿ ಕೊನೆಗೆ ತಲೆ ಹಿಡಿದು ಟಕ್ ಅನ್ನಿಸಲು ಬಂದರೆ “ಬ್ಯಾಡ್ರಿ” ಅಂದುಬಿಡಿ.