ಬೀರುವಿನಿಂದ ಹೊರಬಂದ ಮೈಸೂರು ರೇಷ್ಮೆ: ಉಟ್ಟು ನೋಡಿ ಬರೆದ ವಿಮರ್ಶೆ

ರೇಷ್ಮೆ ಸೀರೆಯ ವಿಮರ್ಶೆ ಸಾಮಾನ್ಯವಾಗಿ ಅಂಗಡಿಯ ಕನ್ನಡಿಯ ಮುಂದೆಯೇ ಮುಗಿದುಹೋಗುತ್ತದೆ; ಬಣ್ಣ, ಅಂಚು, ಬೆಲೆಗಳನ್ನು ದಾಟಿ ಮಾತು ಮುಂದೆ ಹೋಗುವುದಿಲ್ಲ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ರೇಷ್ಮೆ ಸೀರೆಯನ್ನು ಮದುವೆ, ಗೃಹಪ್ರವೇಶಗಳಿಗೆಂದು ಎತ್ತಿಡದೆ, ಕಚೇರಿಗೂ ಶುಕ್ರವಾರದ ದೇವಸ್ಥಾನಕ್ಕೂ ಉಟ್ಟರೆ ಅದು ಹೇಗೆ ಬಾಳುತ್ತದೆ ಎಂಬುದನ್ನಷ್ಟೇ ನಾನಿಲ್ಲಿ ಹೇಳಹೊರಟಿದ್ದೇನೆ.

ನಮ್ಮ ಮನೆಯಲ್ಲಿ ಇಂಥ ಸೀರೆಗಳು ಎರಡಿವೆ. ಅಮ್ಮನ ಸೀರೆ, ‘ಒಳ್ಳೆಯ ದಿನಕ್ಕೆ ಇರಲಿ’ ಎಂಬ ಮಾತಿನೊಂದಿಗೆ, ಪ್ಲಾಸ್ಟಿಕ್ ಚೀಲದಲ್ಲಿ ನುಸಿಗುಳಿಗೆಗಳ ಜೊತೆ ಬೀರುವಿನ ಮೇಲಿನ ಅರೆಯಲ್ಲಿ ವರ್ಷಗಟ್ಟಲೆ ಮಲಗಿತ್ತು. ಈಚೆಗೆ ಬಿಡಿಸಿ ನೋಡಿದರೆ, ಮಡಿಕೆ ಬಿದ್ದಲ್ಲೆಲ್ಲ ರೇಷ್ಮೆ ಉದ್ದಕ್ಕೆ ಸೀಳಿತ್ತು. ಅಂಚಿನ ಜರಿ ಅಲ್ಲಲ್ಲಿ ಕಂದಿ ಕಪ್ಪಾಗಿತ್ತು. ಸೆರಗಿನಲ್ಲಿ ಒಂದು ಕುಂಕುಮದ ಕಲೆಯೂ ಇರಲಿಲ್ಲ. ಇದರಲ್ಲಿ ನೇಯ್ದವರ ತಪ್ಪೇನೂ ಇಲ್ಲ. ಒಂದೇ ಗೆರೆಯಲ್ಲಿ ಬಹುಕಾಲ ಮಡಿಸಿಟ್ಟ ರೇಷ್ಮೆಯ ಎಳೆ ಅಲ್ಲಿಯೇ ಸೋಲುತ್ತದೆ. ಗಾಳಿಯಾಡದ ಚೀಲದಲ್ಲಿ ತೇವ ನಿಂತು ಜರಿಯ ಬೆಳ್ಳಿ ಕಪ್ಪಾಗುತ್ತದೆ.

ಈ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ ಮತ್ತು ಶೇ 0.65ರಷ್ಟು ಚಿನ್ನ ಇರುತ್ತದೆ. ಆ ಚೂರು ಚಿನ್ನದ ಹೆಸರಿನಲ್ಲಿಯೇ ನಾವು ಇಡೀ ಸೀರೆಯನ್ನು ಒಡವೆಯಂತೆ ಬೀಗ ಹಾಕಿ ಇಡುತ್ತೇವೆ ಎಂದು ನನಗನ್ನಿಸುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾಗಿ 1980ರಲ್ಲಿ ನಿಗಮದ ಕೈಗೆ ಬಂದ ಕಾರ್ಖಾನೆಯ ಈ ಬಟ್ಟೆ, ನಿಜವಾಗಿ ನೋಡಿದರೆ, ಉಡುವುದಕ್ಕೆ ಬಹಳ ಅನುಕೂಲವಾದದ್ದು. ಬಿಗಿಯಾಗಿ ಹುರಿಗೊಳಿಸಿದ ನೂಲಿನಿಂದ ನೇಯ್ದ ಕ್ರೇಪ್ ಆದ್ದರಿಂದ, ದಿನವಿಡೀ ಕುರ್ಚಿಯಲ್ಲಿ ಕುಳಿತು ಎದ್ದರೂ ಸುಕ್ಕು ಹೆಚ್ಚು ನಿಲ್ಲುವುದಿಲ್ಲ. ನೆರಿಗೆಗಳು ಉಬ್ಬದೆ ಮೈಗೊಪ್ಪಿ ಇಳಿಯುತ್ತವೆ. ದಪ್ಪ ಜರಿಯ ಮದುವೆ ಸೀರೆಯಂತೆ ಹೆಗಲು ಜಗ್ಗುವುದಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಇದನ್ನುಟ್ಟಿರುವುದು ಒಂದು ಹೊರೆ ಎನ್ನಿಸಲಿಲ್ಲ. ನುಣುಪಾದ ಬಟ್ಟೆಯಾದ್ದರಿಂದ ಸೆರಗು ಜಾರುತ್ತದೆ, ಪಿನ್ ಬೇಕೇ ಬೇಕು. ಆದರೆ ಪಿನ್ನನ್ನು ಒಂದೇ ಪದರಕ್ಕೆ ಚುಚ್ಚಿದರೆ ಎಳೆ ಸರಿಯುತ್ತದೆ, ಹಲವು ಪದರಗಳನ್ನು ಸೇರಿಸಿ ಚುಚ್ಚಬೇಕು. ಕಲ್ಲಿನ ಬಳೆ ತೊಟ್ಟ ದಿನ ಅಂಚಿನ ಜರಿ ಸಿಕ್ಕಿಕೊಳ್ಳುವುದೂ ಉಂಟು.

ಮನೆಗೆ ಬಂದೊಡನೆ ಮಡಿಸದೆ, ನೆರಳಿನಲ್ಲಿ ಒಂದಷ್ಟು ಹೊತ್ತು ಹರವಿ ಬೆವರು ಆರಿಸಿದರೆ ಪ್ರತಿ ಸಲವೂ ಡ್ರೈಕ್ಲೀನ್‌ಗೆ ಕೊಡಬೇಕಾಗಿಲ್ಲ. ಸುಗಂಧದ್ರವ್ಯವನ್ನು ಸೀರೆಯ ಮೇಲೆ ಸಿಂಪಡಿಸಬಾರದು. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಟ್ಟು, ಪ್ರತಿ ಸಲ ಮಡಿಕೆಯ ಗೆರೆ ಬದಲಿಸಬೇಕು. ಆಗಾಗ ಉಡುವ ನನ್ನ ಸೀರೆಗೆ ಈ ಕೊನೆಯ ಆರೈಕೆ ತಾನಾಗಿಯೇ ಸಿಗುತ್ತದೆ. ಕೆಳಗಿನ ಅಂಚಿನಲ್ಲಿ, ಫಾಲ್ ಹೊಲಿದ ಕಡೆ, ಅಲ್ಪಸ್ವಲ್ಪ ಸವೆದಿರುವುದು ಬಿಟ್ಟರೆ ಅದು ಅಮ್ಮನ ಸೀರೆಗಿಂತ ಎಷ್ಟೋ ಗಟ್ಟಿಯಾಗಿದೆ. ಅಮ್ಮ ಈಗ ತನ್ನದನ್ನು ರಫೂ ಮಾಡಿಸಿದ್ದಾಳೆ. ಸೀಳಿದ ಕಡೆ ನೆರಿಗೆಯೊಳಗೆ ಬರುವಂತೆ ಜಾಗ್ರತೆಯಾಗಿ ಉಟ್ಟು, ತರಕಾರಿ ತರುವುದಕ್ಕೂ ಹೊರಡುತ್ತಾಳೆ. ಅಷ್ಟು ಧಾರಾಳ ನನಗೂ ಇಲ್ಲ.

ಬೆಲೆ ಕಡಿಮೆಯಲ್ಲ, ನಿಜ. ಆದರೆ ವರ್ಷಕ್ಕೊಮ್ಮೆ ಮಾತ್ರ ಉಡುವ ಸೀರೆಯೇ ನಿಜವಾಗಿ ದುಬಾರಿಯಾದದ್ದು. ಮೊದಲ ಸಲ ಕೊಳ್ಳುವವರು ಮೈತುಂಬ ಜರಿ ಇರುವುದನ್ನು ಬಿಟ್ಟು, ಸಣ್ಣ ಅಂಚಿನ ಸಾದಾ ಸೀರೆಯನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ಕೊಳ್ಳುವಾಗಲೇ ಹೊಂದುವ ರವಿಕೆಯನ್ನೂ ಹೊಲಿಯಲು ಕೊಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಎಷ್ಟೋ ಸೀರೆಗಳು ಬೀರುವಿನಲ್ಲಿ ಉಳಿಯುವುದು ರವಿಕೆ ಹೊಲಿಸಿಲ್ಲವೆಂಬ ಕಾರಣಕ್ಕೇ.