ಸೀಸದ ತೋಪು, ಓಕ್ ಪೆಟ್ಟಿಗೆ: ನನ್ನ ಹಡಗು ಹಾಳಾದ ಬಗೆ

ಹಡಗಿನ ಮಾದರಿಯನ್ನು ಮೊದಲಿನಿಂದ ಕೊನೆಯವರೆಗೆ ಕೈಯಿಂದಲೇ ಕಟ್ಟುವವರು, ಅದರಲ್ಲೂ ತೋಪು, ಲಂಗರುಗಳನ್ನು ಸೀಸದಲ್ಲಿ ಎರಕ ಹೊಯ್ಯುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಏಳು ವರ್ಷ ಕೂತು ಕಟ್ಟಿದ ಹಡಗು ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಮೂರೇ ವರ್ಷದಲ್ಲಿ ಹಾಳಾಯಿತು. ಯಾರೂ ಅದನ್ನು ಬೀಳಿಸಲಿಲ್ಲ. ನೀರು ತಾಗಲಿಲ್ಲ, ಗೆದ್ದಲು ಹತ್ತಲಿಲ್ಲ. ಒಂದು ಕಣ ಧೂಳೂ ಕೂರಬಾರದೆಂದು ನಾನು ಹಾಕಿದ ಕಾವಲೇ ಅದನ್ನು ತಿಂದಿತು. ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತಾರಲ್ಲ, ಹಾಗೆ.

ನಾನು ಕಟ್ಟಿದ್ದು ಟ್ರಿಂಕೋಮಲಿ ಎಂಬ ಯುದ್ಧನೌಕೆಯನ್ನು. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದ ಹಡಗು ಶಿಲ್ಪಿಗಳು ಮಲಬಾರಿನ ತೇಗದಿಂದ ಕಟ್ಟಿದ ಫ್ರಿಗೇಟ್ ಅದು. ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ನೀರಿನ ಮೇಲೆ ನಿಂತಿದೆ. ತೋಪುಗಳಿರುವ ಅಟ್ಟದ (ಡೆಕ್) ಉದ್ದ 150 ಅಡಿಗಿಂತ ಚೂರು ಹೆಚ್ಚು. ನಾನು ಆರಿಸಿಕೊಂಡ 1:64ರ ಅಳತೆಯಲ್ಲಿ ಅದು ಸುಮಾರು 72 ಸೆಂಟಿಮೀಟರ್ ಆಗುತ್ತದೆ. ಸಿದ್ಧ ಬಿಡಿಭಾಗ ಒಂದನ್ನೂ ತರಲಿಲ್ಲ. ನಕ್ಷೆ ನೋಡಿ ಒಂದೊಂದು ಪಕ್ಕೆಲುಬನ್ನೂ ಗರಗಸದಲ್ಲಿ ಕೊಯ್ದೆ, ಒಂದೊಂದು ಹಲಗೆಯನ್ನೂ ಆವಿಯಲ್ಲಿ ಬಗ್ಗಿಸಿ ಕೂರಿಸಿದೆ, ಸೂಜಿಗಿಂತ ಸ್ವಲ್ಪ ದಪ್ಪನೆಯ ಮರದ ಮೊಳೆಗಳನ್ನು ಹೊಡೆದೆ. ಈ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ತೋಪುಗಳ ವಿಷಯಕ್ಕೆ ಬರುತ್ತೇನೆ. ಈ ಹಡಗಿನ ಮುಖ್ಯ ಅಟ್ಟದಲ್ಲಿ ಹದಿನೆಂಟು ಪೌಂಡಿನ ಗುಂಡು ಹಾರಿಸುವ 28 ತೋಪುಗಳಿವೆ. ಎಂಟು ಅಡಿಯ ತೋಪು ನನ್ನ ಅಳತೆಯಲ್ಲಿ 38 ಮಿಲಿಮೀಟರ್ ಉದ್ದ, ಎಂದರೆ ಕಿರುಬೆರಳಿಗಿಂತ ಗಿಡ್ಡ. ಮೊದಲ ತೋಪನ್ನು ಹಿತ್ತಾಳೆಯಲ್ಲಿ ಕಡೆದು, ಅದರಿಂದ ಅಚ್ಚು ತೆಗೆದು, ಉಳಿದದ್ದನ್ನೆಲ್ಲ ಸೀಸದಲ್ಲಿ ಹೊಯ್ದೆ. ಮೇಲಟ್ಟದ ಗಿಡ್ಡ ಕ್ಯಾರನೇಡ್ ತೋಪುಗಳೂ ನಾಲ್ಕು ಲಂಗರುಗಳೂ ಸೀಸದವೇ ಆದವು. ಸೀಸವನ್ನೇ ಏಕೆ ಆರಿಸಿದೆ ಎಂದರೆ, ಅದು 327 ಡಿಗ್ರಿಗೆ ಕರಗುತ್ತದೆ, ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ, ಅರಕ್ಕೆ ಬೆಣ್ಣೆಯಂತೆ ಬಗ್ಗುತ್ತದೆ. ಅಂಗೈಯಲ್ಲಿಟ್ಟರೆ ನಿಜವಾದ ತೋಪಿನ ಭಾರದ ನೆನಪಾಗುತ್ತದೆ. ಕಪ್ಪು ಬಣ್ಣ ಬಳಿದು ಸಾಲಾಗಿ ಜೋಡಿಸಿದಾಗ ನನಗೆ ಬಹಳ ಸಂತೋಷವಾಗಿತ್ತು.

ಹಡಗು ಮುಗಿದ ಮೇಲೆ ಈ ಕಲೆಯಲ್ಲಿ ನನಗಿಂತ ಹಿರಿಯರೊಬ್ಬರು ಒಂದು ಮಾತು ಹೇಳಿದರು: "ಧೂಳೇ ಇದರ ಶತ್ರು. ಗಾಳಿಯೂ ಆಡದ ಹಾಗೆ ಮುಚ್ಚಿಬಿಡಿ." ಅವರು ಪ್ರೀತಿಯಿಂದಲೇ ಹೇಳಿದರು. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಗಂಭೀರವಾಗಿ ಕಾಣುತ್ತದೆಂದು ಓಕ್ ಮರದ ಪೀಠವನ್ನೂ ಚೌಕಟ್ಟನ್ನೂ ಮಾಡಿಸಿದೆ. ಗಾಜಿನ ಸಂದುಗಳಿಗೆಲ್ಲ ಸಿಲಿಕೋನ್ ಸೀಲಂಟ್ ತುಂಬಿದೆ. ಅದನ್ನು ಹಚ್ಚುವಾಗ ಮೂಗಿಗೆ ಹೊಡೆಯುವಷ್ಟು ವಿನೆಗರ್ ವಾಸನೆ ಬಂತು. ಒಣಗಿದ ಮೇಲೆ ಹೋಗುತ್ತದೆ ಎಂದುಕೊಂಡು ಮರುದಿನವೇ ಹಡಗನ್ನು ಒಳಗಿಟ್ಟು ಕೊನೆಯ ಗಾಜನ್ನೂ ಮುಚ್ಚಿದೆ. ಎಲ್ಲ ಕಡೆ ಮುಚ್ಚಿದ ಮೇಲೆ ಆ ವಾಸನೆ ಹೋಗುವುದಾದರೂ ಎಲ್ಲಿಗೆ ಎಂದು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು.

ಎರಡು ವರ್ಷ ಏನೂ ಕಾಣಲಿಲ್ಲ. ಆಮೇಲೊಂದು ದಿನ ಒಂದು ತೋಪಿನ ಬಾಯಿಯ ಅಂಚಿನಲ್ಲಿ ಸುಣ್ಣದ ಚುಕ್ಕೆಯಂಥದ್ದು ಕಂಡಿತು. ಬೂಸ್ಟೋ, ಬಣ್ಣದ ದೋಷವೋ ಇರಬೇಕೆಂದು ಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದು. ಆ ಚುಕ್ಕೆಯನ್ನು ಕಂಡ ದಿನವೇ ಪೆಟ್ಟಿಗೆ ತೆರೆದಿದ್ದರೆ ಅರ್ಧಕ್ಕೂ ಹೆಚ್ಚು ತೋಪುಗಳು ಉಳಿಯುತ್ತಿದ್ದವು.

ಮೂರನೆಯ ವರ್ಷ, ಒಂದು ಲಂಗರು ಬಾಗಿದಂತೆ ಕಂಡು ಸೀಲಂಟನ್ನು ಕೊಯ್ದು ಗಾಜು ತೆಗೆದೆ. ಒಳಗಿಂದ ಹುಳಿ ಗಾಳಿ ಮುಖಕ್ಕೆ ರಾಚಿತು. ಎದೆ ಧಸಕ್ಕೆಂದಿತು. ಟಾರ್ಚ್ ಹಿಡಿದು ತೋಪಿನ ಕಿಂಡಿಗಳ ಒಳಗೆ ನೋಡಿದೆ. ಕಪ್ಪು ಬಣ್ಣ ಹುರುಪೆ ಹುರುಪೆಯಾಗಿ ಎದ್ದಿತ್ತು, ಅದರ ಕೆಳಗೆ ಬಿಳಿ ಹಿಟ್ಟು. ಎಡಬದಿಯ ಮೂರನೆಯ ತೋಪನ್ನು ಚಿಮುಟದಲ್ಲಿ ಮೆಲ್ಲಗೆ ಹಿಡಿದೆ, ಎತ್ತಲೂ ಇಲ್ಲ, ಹಿಂಬದಿಯ ಗುಂಡಿ ಮುರಿದು ಅಟ್ಟದ ಮೇಲೆ ಬಿತ್ತು. ಮುರಿದ ಜಾಗ ಲೋಹದಂತೆ ಇರಲಿಲ್ಲ. ಹಳೆಯ ಗೋಡೆಯ ಗಾರೆಯಂತೆ ಪದರ ಪದರವಾಗಿತ್ತು, ನಡುವೆ ಕಡ್ಡಿಯಷ್ಟು ಬೂದು ಸೀಸ ಮಾತ್ರ ಉಳಿದಿತ್ತು. ತೋಪು ಉಬ್ಬಿ ತನ್ನ ಮರದ ಬಂಡಿಯ ಪಕ್ಕದ ಹಲಗೆಗಳನ್ನು ಸೀಳಿತ್ತು. ಆ ಬಂಡಿಗೆ ನಾನು ಕಟ್ಟಿದ್ದ ನೂಲಿನ ಹಗ್ಗ, ಹಿತ್ತಾಳೆಯ ಬಳೆಗೆ ಹಾಕಿದ್ದ ಗಂಟು, ಎರಡೂ ಕಟ್ಟಿದ ದಿನದಷ್ಟೇ ಬಿಗಿಯಾಗಿದ್ದವು.

ಆಗಿದ್ದೇನು ಎಂಬುದು ನನಗೆ ತಿಳಿದದ್ದು ಆಮೇಲೆ. ಮರದ ನಾರಿನಲ್ಲಿ ಅಸಿಟಿಕ್ ಆಮ್ಲವಾಗಬಲ್ಲ ಅಂಶಗಳು ಸೇರಿಕೊಂಡಿರುತ್ತವೆ. ಗಾಳಿಯ ತೇವ ತಾಗಿ ಅವು ನಿಧಾನವಾಗಿ ಬಿಡುಗಡೆಯಾಗುತ್ತವೆ. ವಿನೆಗರ್‌ನಲ್ಲಿ ಇರುವುದು ಈ ಆಮ್ಲವೇ. ಚೆನ್ನಾಗಿ ಒಣಗಿಸಿದ ಮರವೂ ವರ್ಷಗಟ್ಟಲೆ ಇದನ್ನು ಬಿಡುತ್ತಲೇ ಇರುತ್ತದೆ, ಮತ್ತು ಓಕ್ ಈ ವಿಷಯದಲ್ಲಿ ಅತ್ಯಂತ ಕೆಟ್ಟ ಮರಗಳಲ್ಲೊಂದು. ತೆರೆದ ಕೋಣೆಯಲ್ಲಿ ಅದು ಗಾಳಿಯ ಜೊತೆ ಹೊರಟುಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸೇರುತ್ತಾ ಹೋಗುತ್ತದೆ. ಆ ಆವಿ ಸೀಸವನ್ನು ಕರಗಿಸಿ ಅಸಿಟೇಟ್ ಮಾಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿದಾಗ ಅದು ಬಿಳಿಯ ಸೀಸದ ಕಾರ್ಬೊನೇಟ್ ಆಗುತ್ತದೆ. ಹಾಗಾಗುವಾಗ ಆಮ್ಲ ಮತ್ತೆ ಬಿಡುಗಡೆಯಾಗಿ ಪಕ್ಕದ ಸೀಸಕ್ಕೆ ಕೈಹಾಕುತ್ತದೆ. ಆದ್ದರಿಂದ ಒಂದಿಷ್ಟೇ ಆಮ್ಲವಿದ್ದರೂ ಸಾಕು, ಕೆಲಸ ನಿಲ್ಲುವುದಿಲ್ಲ. ಕಾರ್ಬೊನೇಟ್ ಸೀಸಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣ ಒಡೆಯುತ್ತದೆ, ಮರ ಸೀಳುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ. ಹಿಂದೆ ಬಿಳಿ ಬಣ್ಣಕ್ಕೆ ಬೇಕಾದ ಸಫೇದವನ್ನು ಯುರೋಪಿನಲ್ಲಿ ಹೀಗೆಯೇ ಮಾಡುತ್ತಿದ್ದರು. ಮಡಕೆಯಲ್ಲಿ ವಿನೆಗರ್ ಹಾಕಿ, ಅದರ ಮೇಲೆ ಸೀಸದ ಸುರುಳಿ ಇಟ್ಟು, ಬಿಸಿಗೆ ಮತ್ತು ಇಂಗಾಲದ ಡೈಆಕ್ಸೈಡಿಗೆ ಸುತ್ತ ಗೊಬ್ಬರ ತುಂಬಿ ತಿಂಗಳುಗಟ್ಟಲೆ ಮುಚ್ಚಿಡುತ್ತಿದ್ದರು. ಸೀಸ, ಆಮ್ಲದ ಆವಿ, ಮುಚ್ಚಿದ ಜಾಗ: ಮೂರನ್ನೂ ನಾನು ನನ್ನ ಕೈಯಾರೆ ಒಟ್ಟುಗೂಡಿಸಿಟ್ಟಿದ್ದೆ.

ಬಣ್ಣ ಬಳಿದರೆ ಸೀಸ ಉಳಿಯುತ್ತದೆ ಎಂದು ನಂಬಬೇಡಿ. ನಾನು ಪ್ರೈಮರ್ ಮೇಲೆ ಎರಡು ಪದರ ಬಳಿದಿದ್ದೆ; ಆವಿ ಅದರ ಮೂಲಕವೂ ನುಗ್ಗಿತು. ಓಕ್ ಬಿಟ್ಟು ಬೇರೆ ಮರ ಹಾಕಿದರೆ ಸಾಕು ಎಂದೂ ನಂಬಬೇಡಿ. ಪೂರ್ತಿ ನಿರಪರಾಧಿ ಎನ್ನಬಹುದಾದ ಮರ ಸಿಗುವುದು ಕಷ್ಟ. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಿಂದಲೂ ಇಂಥ ಆವಿಗಳು ಬರುತ್ತವೆ, ಸರಿಯಾಗಿ ಒಣಗದ ಎಣ್ಣೆ ಬಣ್ಣದಿಂದಲೂ ಬರುತ್ತವೆ. ಅಂದಮೇಲೆ ಹಡಗಿಗೆ ಸೀಸವನ್ನೇ ಹಾಕದಿರುವುದೊಂದೇ ಖಚಿತವಾದ ದಾರಿ. ಅಮೆರಿಕದ ನೌಕಾಪಡೆ ತನ್ನ ಪ್ರದರ್ಶನದ ಮಾದರಿಗಳಿಗೆ ಮಾಡಿಕೊಂಡ ನಿಯಮಗಳಲ್ಲಿ ಸೀಸಕ್ಕೆ ಜಾಗವಿಲ್ಲ. ಅವರು ಕಲಿತ ಪಾಠವನ್ನು ನಾವು ಮತ್ತೆ ನಮ್ಮ ಹಡಗಿನ ಮೇಲೆಯೇ ಕಲಿಯುವ ಅಗತ್ಯವಿಲ್ಲ.

ತೋಪನ್ನು ಹಿತ್ತಾಳೆಯಲ್ಲೇ ಕಡೆಯಿರಿ. ಎರಕವೇ ಬೇಕೆಂದರೆ ಸೀಸವಿಲ್ಲದ ಪ್ಯೂಟರ್ ಬಳಸಿ, ಅದು ಮುಖ್ಯವಾಗಿ ತವರ, ಜೊತೆಗೆ ಸ್ವಲ್ಪ ಆಂಟಿಮನಿ ಮತ್ತು ತಾಮ್ರ. ಹಿತ್ತಾಳೆಯ ಕೆಲಸಕ್ಕೆ ಸೀಸವಿಲ್ಲದ ಬೆಸುಗೆಯೇ ಇರಲಿ. ಬಿಳಿ ಲೋಹ ಎಂದು ಮಾರುವ ಬಿಡಿಭಾಗ ಕೈಗೆ ಬಂದರೆ ಮೊದಲು ಬಿಳಿ ಕಾಗದದ ಮೇಲೆ ಎಳೆದು ನೋಡಿ. ಸೀಸ ಹೆಚ್ಚಿದ್ದರೆ ಪೆನ್ಸಿಲ್ ಗೀರಿನಂತೆ ಬೂದು ಗೆರೆ ಬೀಳುತ್ತದೆ. ತೂಕವೂ ಹೇಳುತ್ತದೆ: ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ, ತವರ 7.3 ಗ್ರಾಂ. ನನಗೆ ಅಷ್ಟು ಹಿಡಿಸಿದ್ದ ಆ ಭಾರವನ್ನು ಗಾಜಿನಾಚೆ ನಿಂತು ನೋಡುವವರು ಯಾರೂ ಕಾಣಲಾರರು.

ಪೆಟ್ಟಿಗೆ ಉಸಿರಾಡಬೇಕು. ಎದುರುಬದುರು ಮೂಲೆಗಳಲ್ಲಿ ರಂಧ್ರ ಬಿಟ್ಟು ಒಳಗಿನಿಂದ ಸಣ್ಣ ನೇಯ್ಗೆಯ ಬಟ್ಟೆ ಅಂಟಿಸಿದರೆ ಧೂಳು ನಿಲ್ಲುತ್ತದೆ, ಗಾಳಿ ಆಡುತ್ತದೆ. ಸೀಲಂಟ್ ಬಳಸಲೇಬೇಕೆಂದರೆ ವಿನೆಗರ್ ವಾಸನೆ ಬರುವುದು ಬೇಡ, ಅದು ಗಟ್ಟಿಯಾಗುವಾಗ ಬಿಡುವುದು ಇದೇ ಆಮ್ಲವನ್ನು. ಯಾವ ವಸ್ತು ಲೋಹವನ್ನು ಕೆಡಿಸುತ್ತದೆ ಎಂದು ನೋಡಲು ವಸ್ತುಸಂಗ್ರಹಾಲಯಗಳು ಆಡಿ ಪರೀಕ್ಷೆ ಮಾಡುತ್ತವೆ. 1973ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ ರೂಪಿಸಿದ್ದು. ವಸ್ತುವಿನ ಚೂರು, ಲೋಹದ ತುಣುಕು, ಒಂದಿಷ್ಟು ತೇವ, ಇಷ್ಟನ್ನು ಮುಚ್ಚಿದ ಗಾಜಿನಲ್ಲಿಟ್ಟು 60 ಡಿಗ್ರಿಯಲ್ಲಿ 28 ದಿನ ಬಿಡುತ್ತಾರೆ. ನನ್ನಲ್ಲಿ ಅಂಥ ಒಲೆಯಿಲ್ಲ. ಪೀಠದಿಂದ ಕೆತ್ತಿದ ಓಕ್ ಚೂರುಗಳನ್ನೂ ಉಜ್ಜಿ ಹೊಳಪಿಸಿದ ಸೀಸದ ತುಂಡನ್ನೂ ಒದ್ದೆ ಹತ್ತಿಯ ಜೊತೆ ಒಂದು ಬಾಟಲಿಯಲ್ಲಿ ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ಪಕ್ಕದಲ್ಲಿ ಮರವಿಲ್ಲದ ಇನ್ನೊಂದು ಬಾಟಲಿ. ಎರಡು ತಿಂಗಳಿಗೆ ಮೊದಲನೆಯದರ ಸೀಸ ಬೆಳ್ಳಗಾಗಿತ್ತು, ಎರಡನೆಯದು ಸ್ವಲ್ಪ ಮಂಕಾಗಿತ್ತು ಅಷ್ಟೆ.

ಇನ್ನೊಂದು ಮಾತು, ಇದು ಹಡಗಿಗಿಂತ ಮುಖ್ಯ. ಆ ಬಿಳಿ ಪುಡಿ ವಿಷ. ನಾನು ತಿಳಿಯದೆ ಮೊದಲ ದಿನ ಒಣ ಕುಂಚದಿಂದ ಗುಡಿಸಿದೆ, ಬಾಯಿಂದ ಊದಿಯೂ ಬಿಟ್ಟೆ. ನೀವು ಹಾಗೆ ಮಾಡಬೇಡಿ. ಸ್ಯಾಂಡ್‌ಪೇಪರ್ ಅಂತೂ ತಾಗಿಸಲೇಬೇಡಿ. ಕೈಗವಸು, ಸೂಕ್ಷ್ಮ ಕಣ ತಡೆಯುವ ಮುಸುಕು ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸಕ್ಕೆ ಕೊಡಿ, ಕೈ ತೊಳೆಯುವವರೆಗೆ ಏನನ್ನೂ ಬಾಯಿಗೆ ಹಾಕಬೇಡಿ. ಮಕ್ಕಳನ್ನು ಆ ಕೋಣೆಯ ಹತ್ತಿರವೂ ಬಿಡಬೇಡಿ.

ದುರಸ್ತಿ ನಡೆಯುತ್ತಿದೆ. ಮುಖ್ಯ ಅಟ್ಟದ ತೋಪುಗಳು ಮೇಲಟ್ಟದ ತೊಲೆಗಳ ಕೆಳಗಿರುವುದರಿಂದ ನಾನೇ ಕೂರಿಸಿದ ಹಲಗೆಗಳನ್ನು ಉಳಿಯಿಂದ ಎಬ್ಬಿಸಬೇಕಾಯಿತು. ಆರು ಹಲಗೆ ಒಡೆದವು. ಹಿತ್ತಾಳೆಯಲ್ಲಿ ಈವರೆಗೆ ಹನ್ನೊಂದು ತೋಪು ಕಡೆದಿದ್ದೇನೆ, ಮುಖ್ಯ ಅಟ್ಟದ್ದೇ ಇನ್ನೂ ಹದಿನೇಳು ಬಾಕಿ. ಓಕ್ ಪೀಠವನ್ನು ಬೇರೆಡೆಗೆ ಸಾಗಿಸಿದ್ದೇನೆ.

ನಿಮ್ಮ ಮನೆಯಲ್ಲಿ ಸೀಸದ ಬಿಡಿಭಾಗಗಳಿರುವ ಹಡಗು ಮುಚ್ಚಿದ ಪೆಟ್ಟಿಗೆಯಲ್ಲಿದ್ದರೆ ನಾಳೆಗೆ ಮುಂದೂಡಬೇಡಿ, ಇಂದೇ ಗಾಜು ತೆಗೆದು ಮೊದಲು ಮೂಸಿ ನೋಡಿ. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ತೋಪಿನ ಬಾಯಿಯ ಒಳ ಅಂಚು, ಲಂಗರಿನ ತೋಳುಗಳು ಕೂಡುವ ಮೂಲೆ, ಬಣ್ಣ ತೆಳುವಾಗಿರುವ ಕೆಳಭಾಗ, ಇವನ್ನು ನೋಡಿ. ನನ್ನ ಹಡಗಿನಲ್ಲಿ ಬಿಳುಪು ಮೊದಲು ಎದ್ದದ್ದು ಅಲ್ಲೆಲ್ಲ.