ಕ್ಲಿನಿಕ್ ಮುಂದೆ ಡಿಎನ್‌ಎ ಶಿಲ್ಪ: ಕಲ್ಲಾ, ಸ್ಟೀಲಾ, ಫೈಬರಾ?

ಉಡುಪಿಯ ಹೊಸ ಕ್ಲಿನಿಕ್‌ಗೆ ಆಳೆತ್ತರದ ಡಿಎನ್‌ಎ ಶಿಲ್ಪ ಯಾವುದರಲ್ಲಿ ಮಾಡಿಸಲಿ ಅಂತ ಕೇಳಿದ್ದೀರಿ. ಮೊದಲು ಜಾಗ ಹೇಳಿ ಮಾರಾಯ್ರೇ, ಒಳಗಾ ಹೊರಗಾ?

ಹೊರಗಾದರೆ ನಮ್ಮ ಮಳೆ, ಉಪ್ಪುಗಾಳಿಯದ್ದೇ ದೊಡ್ಡ ಲೆಕ್ಕ. ಬಾಳಿಕೆಯಲ್ಲಿ ಕಲ್ಲಿಗೆ ಸಾಟಿಯಿಲ್ಲ, ಕಾರ್ಕಳದ ಗೊಮ್ಮಟ 1432ರಿಂದ ಬಯಲಲ್ಲೇ ನಿಂತಿದ್ದಾನೆ ಅಲ್ವಾ. ಆದರೆ ಡಿಎನ್‌ಎ ಅಂದರೆ ಸುರುಳಿ ಸುತ್ತಿದ ಎರಡು ತೆಳು ಎಳೆ, ನಡುವೆ ಏಣಿಯಂಥ ಮೆಟ್ಟಿಲು, ಅದನ್ನು ಕಲ್ಲಲ್ಲಿ ಕೊರೆಯುವಾಗ ಒಂದು ಏಟು ತಪ್ಪಿದರೂ ಅಷ್ಟೂ ಕೆಲಸ ಹೋಯ್ತು. ಹೃದಯ, ಜೀವಕೋಶದಂಥ ಗುಂಡನೆಯ ಆಕಾರಕ್ಕಾದರೆ ಕಲ್ಲೇ ಚಂದ.

ಎಳೆ ಎಳೆಯಾಗಿ ಬೇಕಾದರೆ ಸ್ಟೀಲ್. ಸಮುದ್ರದ ಹತ್ತಿರ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲ್ ಆದ 304 ಗ್ರೇಡ್ ಬೇಡ, ತುಕ್ಕಿನ ಕಲೆ ಬೀಳುತ್ತದೆ. ರೇಟು ಜಾಸ್ತಿಯಾದರೂ 316 ಕೇಳಿ, ಆಗಾಗ ಸಿಹಿನೀರಲ್ಲಿ ತೊಳೆಸಿ.

ಫೈಬರ್ ಅಗ್ಗ, ಹಗುರ. ಬಿಸಿಲಿಗೆ ಬಣ್ಣ ಮಾಸುತ್ತದೆ. ಬಾಡಿಗೆ ಕಟ್ಟಡ, ಒಳಗೆ ಇಡುವುದು ಅಂತಾದರೆ ಸುಮ್ನೆ ಜಾಸ್ತಿ ಖರ್ಚು ಯಾಕೆ, ಇದೇ ಸಾಕು.

ಬ್ರಿಟನ್ನಿನ ಮಾರ್ಕ್ ಕ್ವಿನ್ 1991ರಲ್ಲಿ ತನ್ನದೇ ರಕ್ತ ಫ್ರೀಜ್ ಮಾಡಿ ತನ್ನ ತಲೆಯ ಶಿಲ್ಪ ಮಾಡಿದ್ದರು. ಅಂಥದ್ದು ಮಾತ್ರ ಬೇಡ, ಮಳೆಗಾಲದ ನಮ್ಮ ಕರೆಂಟನ್ನು ನಂಬಿ ಅದನ್ನು ಇಡಲಾಗುವುದಿಲ್ಲ!

ಯಾವುದರಲ್ಲೇ ಮಾಡಿಸಿ, ಸುರುಳಿ ಯಾವ ಕಡೆ ತಿರುಗಿದೆ ನೋಡಿಕೊಳ್ಳಿ. ನಮ್ಮ ಮೈಯ ಡಿಎನ್‌ಎ ಮಾಮೂಲಿ ಸ್ಕ್ರೂವಿನ ಹಾಗೆ ಬಲಸುರುಳಿ. ಉಲ್ಟಾ ಮಾಡಿಕೊಟ್ಟರೆ ಬರುವ ಡಾಕ್ಟರುಗಳೆಲ್ಲ ಅದನ್ನೇ ಹೇಳಿ ನಗುತ್ತಾರೆ.